ಮುಳ್ಳುತಂತಿಯ ಊರನ್ನು ಓದುವುದು ಹೇಗೆ: ಇಲಿನಾಯ್ ರಾಜ್ಯದ ಡೆಕಾಲ್ಬ್

ದಾವಣಗೆರೆ, ಹಾವೇರಿ ಕಡೆ ಮೆಕ್ಕೆಜೋಳ ಹಾಕುವವರಿಗೆ ಡೆಕಾಲ್ಬ್ ಅಂದರೆ ಬೀಜದ ಚೀಲ, ರೆಕ್ಕೆ ಮೂಡಿದ ತೆನೆಯ ಗುರುತು. ಅದು ಕಂಪನಿಯವರು ಕೂತು ಹೊಸದಾಗಿ ಕಟ್ಟಿದ ಹೆಸರಲ್ಲ, ಒಂದು ಊರಿನ ಹೆಸರು. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಷಿಕಾಗೊದಿಂದ ಪಶ್ಚಿಮಕ್ಕೆ ಸುಮಾರು 65 ಮೈಲಿ ದೂರದಲ್ಲಿ, ಕಪ್ಪು ಮಣ್ಣಿನ ಹೊಲಗಳ ನಡುವೆ ಈ ಊರಿದೆ. 2020ರ ಜನಗಣತಿಯಲ್ಲಿ ಇಲ್ಲಿದ್ದವರು 40,290 ಜನ. ಜಾರ್ಜಿಯಾ ರಾಜ್ಯದಲ್ಲೂ ಇದೇ ಹೆಸರಿನ ಕೌಂಟಿ (ನಮ್ಮ ಜಿಲ್ಲೆಯಂಥದು) ಇದೆ. ಅಲ್ಲಿನವರು ನಡುವಿನ 'ಲ' ನುಂಗಿ 'ಡಿಕ್ಯಾಬ್' ಅನ್ನುತ್ತಾರೆ. ಇಲಿನಾಯ್‌ನಲ್ಲಿ ಹಾಗಂದರೆ ಹೊರಗಿನವರೆಂದು ತಕ್ಷಣ ಗೊತ್ತಾಗುತ್ತದೆ. ಇಲ್ಲಿ 'ಲ' ಹೇಳಲೇಬೇಕು.

ಷಿಕಾಗೊ ಸುತ್ತಮುತ್ತ ಇರುವವರು, ಇಲ್ಲಿನ ವಿಶ್ವವಿದ್ಯಾಲಯಕ್ಕೆ ಓದಲು ಬಂದವರು ಈ ಊರನ್ನು ಹತ್ತಾರು ಸಲ ಹಾದುಹೋಗಿರುತ್ತಾರೆ. ಚಪ್ಪಟೆ ಹೊಲ, ನೀರಿನ ಟ್ಯಾಂಕು, ರೈಲುಹಳಿ, ಒಂದು ಮುಖ್ಯರಸ್ತೆ. ಮಿಡ್‌ವೆಸ್ಟ್ (ಅಮೆರಿಕದ ಉತ್ತರ ಮಧ್ಯಭಾಗ) ಊರುಗಳೆಲ್ಲ ಒಂದೇ ಥರ ಎಂದುಕೊಂಡು ಮುಂದೆ ಸಾಗುತ್ತಾರೆ. ಇಂಥ ಊರು ತನ್ನ ಚರಿತ್ರೆಯನ್ನು ಗೋಪುರದಲ್ಲಿ, ಕೋಟೆಯಲ್ಲಿ ಇಟ್ಟುಕೊಂಡಿಲ್ಲ. ಮಣ್ಣಿನಡಿಯ ಕೊಳವೆಯಲ್ಲಿ, ರಸ್ತೆಯ ತಿರುವಿನಲ್ಲಿ, ನೋಂದಣಿ ಪುಸ್ತಕದಲ್ಲಿ ಇಟ್ಟುಕೊಂಡಿದೆ. ಅದನ್ನು ಓದಲು ಎರಡು ಪೂರ್ತಿ ದಿನ ಬೇಕು: ಒಂದು ಹೊಲ ಮತ್ತು ಬೀದಿಗೆ, ಇನ್ನೊಂದು ದಾಖಲೆಗಳಿಗೆ. ಕ್ರಮವೂ ಮುಖ್ಯ. ಹೆಚ್ಚಿನವರು ಇಲ್ಲಿ ಮುಳ್ಳುತಂತಿ ತಯಾರಿಸಿ ಶ್ರೀಮಂತರಾದವರ ಬಂಗಲೆಯಿಂದ ಶುರುಮಾಡುತ್ತಾರೆ. ಆಗ ಊರೆಂದರೆ ಮೂವರು ಗಂಡಸರ ಕಥೆಯಾಗಿಬಿಡುತ್ತದೆ, ಆ ತಂತಿ ಈ ಊರಿಗೇ ಯಾಕೆ ಬೇಕಾಯಿತು ಎಂಬುದು ತಿಳಿಯದೇ ಹೋಗುತ್ತದೆ. ನೆಲದಿಂದ ಶುರುಮಾಡಿ.

ಹೊರಡುವ ಮುನ್ನ

ಕಾಲ ನೋಡಿಕೊಳ್ಳಿ. ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಬಿತ್ತನೆ, ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ಕೊನೆಯವರೆಗೆ ಕಟಾವು. ಈ ಎರಡು ಅವಧಿಯಲ್ಲಿ ಯಾವ ರೈತನಿಗೂ ಮಾತಿಗೆ ಬಿಡುವಿರುವುದಿಲ್ಲ. ಹೊಲ ನೋಡಲು ಬಿತ್ತನೆಗೆ ಮುಂಚಿನ ಏಪ್ರಿಲ್ ಒಳ್ಳೆಯದು, ಜನರನ್ನು ಮಾತಾಡಿಸಲು ಜನವರಿ, ಫೆಬ್ರವರಿ ಒಳ್ಳೆಯದು. ಜುಲೈ, ಆಗಸ್ಟಿನಲ್ಲಿ ಹಳ್ಳಿಯ ಅಡ್ಡರಸ್ತೆಗಳಲ್ಲಿ ಎಚ್ಚರ. ಎಂಟು ಅಡಿ ಎತ್ತರದ ಮೆಕ್ಕೆಜೋಳ ನಾಲ್ಕೂ ಮೂಲೆಯನ್ನು ಮುಚ್ಚಿರುತ್ತದೆ, ಕೆಲವು ಕೂಡುರಸ್ತೆಗಳಲ್ಲಿ ನಿಲ್ಲುವ ಫಲಕವೂ ಇರುವುದಿಲ್ಲ. ನಿಮ್ಮ ಕಡೆ ಫಲಕ ಇಲ್ಲವೆಂದರೆ ಎದುರು ರಸ್ತೆಗೆ ಇದೆ ಎಂದು ನಂಬಿ ನುಗ್ಗಬೇಡಿ.

ಸಾಮಾನು ಹೆಚ್ಚು ಬೇಡ: ಒಂದು ದಿಕ್ಸೂಚಿ, ಕೌಂಟಿಯ ಪ್ಲಾಟ್ ನಕ್ಷೆ (ಯಾವ ಹೊಲ ಯಾರದೆಂದು ತೋರಿಸುವ ಪುಸ್ತಕ), ಕೆಸರಿಗೆ ತಡೆಯುವ ಬೂಟು, ಅಂಗೈ ಅಗಲದ ಕನ್ನಡಿ. ಕನ್ನಡಿ ಯಾಕೆಂಬುದು ಕೊನೆಯಲ್ಲಿ ಬರುತ್ತದೆ. ಷಿಕಾಗೊದಿಂದ ಬರುವವರು ಐ-88 ಟೋಲ್ ರಸ್ತೆ ಹಿಡಿದು ಆನಿ ಗ್ಲಿಡನ್ ರಸ್ತೆಯ ಇಳಿದಾರಿಯಲ್ಲಿ ಇಳಿಯಬಹುದು. ಆನಿ ಗ್ಲಿಡನ್ ಮುಳ್ಳುತಂತಿಗೆ ಹೆಸರಾದ ಗ್ಲಿಡನ್ ಕುಟುಂಬದ ಹೆಣ್ಣುಮಗಳು, ಸ್ವತಃ ಬೇಸಾಯ ಮಾಡಿದವರು. ಷಿಕಾಗೊದ ಉಪನಗರ ರೈಲು ಮೆಟ್ರಾ ಎಲ್ಬರ್ನ್ ಊರಿಗೇ ನಿಂತುಬಿಡುತ್ತದೆ, ಡೆಕಾಲ್ಬ್ ತನಕ ಪ್ರಯಾಣಿಕರ ರೈಲಿಲ್ಲ.

ಮೊದಲು ಮಣ್ಣು ಮತ್ತು ನೀರು

ಮನೆಯಲ್ಲೇ ಕೂತು ಅಮೆರಿಕದ ಕೃಷಿ ಇಲಾಖೆಯ 'ವೆಬ್ ಸಾಯಿಲ್ ಸರ್ವೇ' ತೆರೆಯಿರಿ. ಉಚಿತ. ಊರ ಹೊರಗಿನ ಒಂದು ಚದರ ಮೈಲಿಯನ್ನು ಗುರುತುಮಾಡಿ ಮಣ್ಣಿನ ನಕ್ಷೆ ಒತ್ತಿ. 152ಎ ಎಂಬ ಸಂಕೇತ ಕಂಡರೆ ಅದು 'ಡ್ರಮ್ಮರ್' ಮಣ್ಣು, ಇಲಿನಾಯ್‌ನ ರಾಜ್ಯಮಣ್ಣು. ಇಳಿಜಾರು ಸೊನ್ನೆಯಿಂದ ಶೇ. 2. ಸಾವಿರಾರು ವರ್ಷ ಹುಲ್ಲು ಬೆಳೆದು, ಸತ್ತು, ಕೊಳೆತು ಆದ ಕಪ್ಪು ಮಣ್ಣು. ಆದರೆ ನೀರು ಇಂಗಿ ಹೋಗುವುದಿಲ್ಲ. ಹಾಗೇ ಬಿಟ್ಟರೆ ವಸಂತದಲ್ಲಿ ಜೌಗು.

ಮೊದಲು ಬಂದ ವಲಸಿಗರು ಹುಲ್ಲುಗಾವಲಿಗೆ ಇಳಿಯದೆ ಮರಗಳ ತೋಪಿನ ಪಕ್ಕ ಗುಡಿಸಲು ಹಾಕಿದ್ದು ಇದರಿಂದಲೇ. ಸೌದೆ, ನೀರು, ನೆರಳು ಅಲ್ಲಿತ್ತು. ಡೆಕಾಲ್ಬ್‌ನ ಹಳೆಯ ಹೆಸರು 'ಹಂಟ್ಲೀಸ್ ಗ್ರೋವ್', ಅಂದರೆ ಹಂಟ್ಲಿಯವರ ತೋಪು. ಮಿಡ್‌ವೆಸ್ಟ್‌ನಲ್ಲಿ 'ಗ್ರೋವ್' ಎಂದು ಕೊನೆಯಾಗುವ ಹೆಸರು ಕಂಡಲ್ಲೆಲ್ಲ ರೈಲಿಗಿಂತ ಹಳೆಯ ನೆಲೆ ಇದ್ದಿರಬಹುದೆಂದು ಹುಡುಕಿ. ಹುಲ್ಲಿನ ಬೇರಿನ ಅಂಟು ನೆಲವನ್ನು ಸೀಳಲು ಮರ, ಎರಕದ ಕಬ್ಬಿಣದ ನೇಗಿಲು ಸೋತಿದ್ದವು. ಪಕ್ಕದ ಓಗಲ್ ಕೌಂಟಿಯ ಗ್ರಾಂಡ್ ಡಿಟೂರ್‌ನಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ್ದು 1837ರಲ್ಲಿ.

ನೇಗಿಲಿಗಿಂತ ಕಡಿಮೆ ಹೆಸರು ಪಡೆದದ್ದು, ಆದರೆ ಅಷ್ಟೇ ದೊಡ್ಡ ಕೆಲಸ ಮಾಡಿದ್ದು ಬಸಿಗಾಲುವೆ. ಇಲ್ಲಿನವರು ಅದಕ್ಕೆ 'ಟೈಲ್' ಅನ್ನುತ್ತಾರೆ, ನೆಲಕ್ಕೆ ಹಾಸುವ ಟೈಲ್ ಅಂದುಕೊಳ್ಳಬೇಡಿ. ಸುಮಾರು ಒಂದಡಿ ಉದ್ದದ ಸುಟ್ಟ ಮಣ್ಣಿನ ಕೊಳವೆಗಳನ್ನು ಮೂರು ನಾಲ್ಕು ಅಡಿ ಆಳದಲ್ಲಿ ಒಂದರ ತುದಿಗೆ ಒಂದು ಇಟ್ಟು ಸಾಲು ಮಾಡುತ್ತಿದ್ದರು. ಸಂದಿಗೆ ಗಾರೆ ಹಾಕುವುದಿಲ್ಲ, ನೀರು ಒಳಗೆ ಬರುವುದೇ ಆ ಸಂದಿಯಿಂದ. ಈಗ ತೂತು ಕೊರೆದ ಪ್ಲಾಸ್ಟಿಕ್ ಕೊಳವೆ. ಇದನ್ನು ಕಣ್ಣಾರೆ ನೋಡಬೇಕೆಂದರೆ ಬಿತ್ತನೆಗೆ ಮುಂಚೆ, ಜೋರು ಮಳೆಯಾಗಿ ಎರಡು ಮೂರು ದಿನ ಬಿಟ್ಟು ಹೋಗಿ. ಕೊಳವೆಯ ನೇರಕ್ಕೆ ಮಣ್ಣು ಬೇಗ ಒಣಗಿ ತಿಳಿಬಣ್ಣಕ್ಕೆ ತಿರುಗಿರುತ್ತದೆ, ಉಳಿದ ಹೊಲ ಇನ್ನೂ ಕಪ್ಪಗೆ ಒದ್ದೆ. ಇಡೀ ಹೊಲದ ಮೇಲೆ ಯಾರೋ ಸೀಮೆಸುಣ್ಣದಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ರಸ್ತೆ ಬದಿಯ ಚರಂಡಿಯಲ್ಲಿ ಮಳೆ ನಿಂತ ಮೇಲೂ ನೀರು ಸುರಿಸುತ್ತಿರುವ ಕೊಳವೆಯ ಬಾಯಿ ಸಿಕ್ಕರೆ ಅದು ಆ ಸಾಲಿನ ತುದಿ. ರಸ್ತೆಯಿಂದಲೇ ನೋಡಿ, ಹೊಲಕ್ಕೆ ಇಳಿಯಬೇಡಿ. ಮಳೆಗೆ ಕಾಯಲಾಗದವರು ಇಲಿನಾಯ್ ಭೂವಿಜ್ಞಾನ ಸಂಸ್ಥೆ ಉಚಿತವಾಗಿ ಕೊಡುವ 1937ರಿಂದ 1947ರ ವಿಮಾನಚಿತ್ರಗಳನ್ನು ಇಳಿಸಿಕೊಳ್ಳಬಹುದು. ಹಳೆಯ ತೋಪು, ಹಳೆಯ ಮನೆ, ಹೊಳೆಯ ಹಳೆಯ ಪಾತ್ರ ಎಲ್ಲ ಅದರಲ್ಲಿ ಕಾಣುತ್ತವೆ.

ಟೈಲಿನ ಇನ್ನೊಂದು ಗುಣ ಊರಿನ ಸ್ವಭಾವಕ್ಕೆ ಸಂಬಂಧಿಸಿದ್ದು. ನನ್ನ ಹೊಲದ ನೀರು ನಿನ್ನ ಹೊಲದ ಕೆಳಗೇ ಹಾಯಬೇಕು. ಒಬ್ಬನೇ ತೋಡಿದರೆ ಪ್ರಯೋಜನವಿಲ್ಲ. 1879ರಲ್ಲಿ ಇಲಿನಾಯ್ ಬಸಿಗಾಲುವೆ ಜಿಲ್ಲೆಗಳಿಗೆ ಕಾನೂನು ಮಾಡಿತು. ರೈತರು ಒಟ್ಟಾಗಿ ತೆರಿಗೆ ಹಾಕಿಕೊಂಡು ಕಾಲುವೆ ತೆಗೆಸಿದರು. ಮುಂದೆ ಬೀಜಕ್ಕೂ ಇವರು ಸಂಘ ಕಟ್ಟಿದ್ದನ್ನು ನೋಡುವಾಗ ಇದನ್ನು ನೆನಪಿಡಿ.

ಈ ನೆಲ ಯಾರದಾಗಿತ್ತು

ಇದನ್ನು ಬಿಟ್ಟು ಮುಂದೆ ಹೋಗಬಾರದು. ಊರೊಳಗೆ ಹರಿಯುವ ಹೊಳೆ ಕಿಶ್ವಾಕಿ. ಆ ಹೆಸರು ಇಲ್ಲಿನ ಮೂಲನಿವಾಸಿಗಳಾದ ಪೊಟವಾಟೊಮಿ ಜನರದು. 1829ರ ಪ್ರೈರಿ ಡು ಶೀನ್ ಒಪ್ಪಂದ ಅವರ ನಾಯಕ ಶಬೋನ ಅವರಿಗೆ ಈ ಕೌಂಟಿಯ ದಕ್ಷಿಣದಲ್ಲಿ 1,280 ಎಕರೆ ಬಿಟ್ಟುಕೊಟ್ಟಿತು. 1849ರಲ್ಲಿ ಅವರು ಪಶ್ಚಿಮಕ್ಕೆ ಹೋಗಿದ್ದ ಹೊತ್ತಿನಲ್ಲಿ ಸರ್ಕಾರ ಅದನ್ನು ಹರಾಜು ಹಾಕಿತು. 2024ರಲ್ಲಿ ಅದರಲ್ಲಿ 130 ಎಕರೆ ಪ್ರೈರಿ ಬ್ಯಾಂಡ್ ಪೊಟವಾಟೊಮಿ ಜನರಿಗಾಗಿ ಒಕ್ಕೂಟ ಸರ್ಕಾರದ ಟ್ರಸ್ಟ್‌ಗೆ ಸೇರಿತು. ಇಲಿನಾಯ್ ರಾಜ್ಯದಲ್ಲಿ ಈಗ ಒಕ್ಕೂಟ ಸರ್ಕಾರ ಮಾನ್ಯಮಾಡಿದ ಬುಡಕಟ್ಟು ನೆಲವೆಂದರೆ ಇದೊಂದೇ. ಶಬೋನ ಎಂಬ ಹಳ್ಳಿಯೂ ಅಲ್ಲೇ ಇದೆ. ಅರ್ಧ ದಿನ ಹೆಚ್ಚಿಗೆ ಇದ್ದರೆ ಹೋಗಿಬನ್ನಿ. ಹಳೆಯ ಕೌಂಟಿ ಚರಿತ್ರೆಗಳು ಶಬೋನರನ್ನು ಬಿಳಿಯರ ಗೆಳೆಯ ಎಂದು ಹೊಗಳುತ್ತವೆ. ಹೊಗಳಿಕೆ ಓದಿ ಮುಗಿಸಿ ಹರಾಜಿನ ವರ್ಷವನ್ನು ಅದರ ಪಕ್ಕ ಬರೆದುಕೊಳ್ಳಿ.

ಚೌಕದ ಲೆಕ್ಕ

ನಮ್ಮಲ್ಲಿ ಪಹಣಿಗೆ ಸರ್ವೆ ನಂಬರ್ ಹೇಗೋ ಇಲ್ಲಿ ಟೌನ್‌ಶಿಪ್, ರೇಂಜ್, ಸೆಕ್ಷನ್ ಹಾಗೆ. ಆದರೆ ನಮ್ಮ ಚಕ್ಕುಬಂದಿಯಲ್ಲಿ ಹಳ್ಳ, ಹುಣಸೆಮರ, ಪಕ್ಕದವರ ಹೊಲ ಬರುತ್ತವೆ. ಇಲ್ಲಿ ಬರುವುದು ಬರೀ ಚೌಕ. ಆರು ಮೈಲಿ ಉದ್ದ, ಆರು ಮೈಲಿ ಅಗಲದ್ದು ಒಂದು ಟೌನ್‌ಶಿಪ್. ಅದರೊಳಗೆ 36 ಸೆಕ್ಷನ್, ಒಂದೊಂದು 640 ಎಕರೆ. ಎಣಿಕೆ ಈಶಾನ್ಯ ಮೂಲೆಯಿಂದ ಶುರುವಾಗಿ ಪಶ್ಚಿಮಕ್ಕೆ ಹೋಗಿ, ಎರಡನೆಯ ಸಾಲಿನಲ್ಲಿ ಪೂರ್ವಕ್ಕೆ ತಿರುಗುತ್ತದೆ, ಉಳುವ ಎತ್ತು ಸಾಲು ಮುಗಿಸಿ ತಿರುಗಿದಂತೆ. 36 ಬರುವುದು ಆಗ್ನೇಯ ಮೂಲೆಯಲ್ಲಿ. 16ನೆಯ ಸೆಕ್ಷನ್ನಿನ ಆದಾಯ ಶಾಲೆಗೆಂದು ಮೀಸಲಾಗಿತ್ತು.

ಪತ್ರದಲ್ಲಿ ಬರುವ ವಿವರಣೆಯನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಇಂಗ್ಲಿಷಿನಲ್ಲಿ 'ಆಗ್ನೇಯ ಕಾಲುಭಾಗದ ವಾಯವ್ಯ ಕಾಲುಭಾಗ, ಸೆಕ್ಷನ್ 22' ಎಂಬ ಅರ್ಥದ ಸಾಲಿದ್ದರೆ ಮೊದಲು ಸೆಕ್ಷನ್ 22 ಹುಡುಕಿ, 640 ಎಕರೆ. ಅದರ ಆಗ್ನೇಯ ಕಾಲು, 160. ಅದರ ವಾಯವ್ಯ ಕಾಲು, 40. ಇಂಗ್ಲಿಷ್ ಸಾಲನ್ನು ಎಡದಿಂದ ಓದಿ ತಪ್ಪು ಹೊಲದಲ್ಲಿ ನಿಂತವರು ಬಹಳ. ಡೆಕಾಲ್ಬ್ ಇರುವುದು ಮೂರನೆಯ ಪ್ರಧಾನ ರೇಖಾಂಶದ (ಅಳತೆ ಶುರುವಾಗುವ ಉತ್ತರ ದಕ್ಷಿಣ ಗೆರೆ) ಲೆಕ್ಕದಲ್ಲಿ. ಬೇರೆ ರೇಖಾಂಶದ ಲೆಕ್ಕ ಹಿಡಿದರೆ ಬೇರೆ ಊರಿಗೇ ಹೋಗಿಬಿಡುತ್ತೀರಿ.

ಇದನ್ನು ಕಾರಿನಲ್ಲೇ ಪರೀಕ್ಷಿಸಬಹುದು. ಊರಾಚೆ ಹೋಗಿ ಮೀಟರನ್ನು ಸೊನ್ನೆಗೆ ತಂದು ನೇರ ಹೋಗಿ. ಅಡ್ಡರಸ್ತೆ ಬಹುತೇಕ ಮೈಲಿಗೊಂದು ಬರುತ್ತದೆ. ಗಂಟೆಗೆ 55 ಮೈಲಿ ವೇಗದಲ್ಲಿ ಸುಮಾರು 65 ಸೆಕೆಂಡಿಗೊಂದು. ನೇರ ಹೋಗುತ್ತಿದ್ದ ರಸ್ತೆ ಕಾರಣವಿಲ್ಲದೆ ಎಡಕ್ಕೋ ಬಲಕ್ಕೋ ಸರಿದು ಮತ್ತೆ ನೇರವಾದರೆ, ಭೂಮಿ ಗುಂಡಗಿರುವುದರಿಂದ ಬಂದ ವ್ಯತ್ಯಾಸವನ್ನೋ ಅಳತೆಯವರ ತಪ್ಪನ್ನೋ ಅಲ್ಲಿ ಸರಿಪಡಿಸಿದ್ದಾರೆಂದು ಅರ್ಥ.

ಹಳಿ ಬಂದದ್ದು, ಕಚೇರಿ ಬರದೇ ಇದ್ದದ್ದು

ರೈಲು ಬಂದದ್ದು 1853ರಲ್ಲಿ. ಗಲೀನಾ ಆಂಡ್ ಷಿಕಾಗೊ ಯೂನಿಯನ್ ಕಂಪನಿಯ ಹಳಿ, ಆಮೇಲೆ ಷಿಕಾಗೊ ಆಂಡ್ ನಾರ್ತ್ ವೆಸ್ಟರ್ನ್, 1995ರಿಂದ ಯೂನಿಯನ್ ಪೆಸಿಫಿಕ್. ಇಂದಿಗೂ ಉದ್ದುದ್ದ ಸರಕು ಗಾಡಿಗಳು ಊರ ನಡುವೆಯೇ ಕೂಗುತ್ತ ಹೋಗುತ್ತವೆ. ಹಳೆಯ ಪೇಟೆಯಲ್ಲಿ ನಿಂತು ದಿಕ್ಸೂಚಿ ಹಿಡಿಯಿರಿ: ಬೀದಿಗಳು ಉತ್ತರ ದಕ್ಷಿಣಕ್ಕೆ ಸರಿಯಾಗಿ ಕೂತಿವೆಯೋ, ಹಳಿಗೆ ಸಮನಾಗಿ ಓರೆಯಾಗಿವೆಯೋ? ಯಾವ ಬಡಾವಣೆಯನ್ನು ರೈಲು ರೂಪಿಸಿತು, ಯಾವುದನ್ನು ಸರ್ಕಾರದ ಚೌಕ ರೂಪಿಸಿತು ಎಂಬುದು ಇದರಿಂದ ಬಿಡಿಸಿಕೊಳ್ಳುತ್ತದೆ. ಈ ಪರೀಕ್ಷೆ ಮಿಡ್‌ವೆಸ್ಟ್‌ನ ಯಾವ ಊರಿಗಾದರೂ ಒಪ್ಪುತ್ತದೆ.

ರೈಲು ಡೆಕಾಲ್ಬ್‌ಗೆ ಬಂದರೂ ಕೌಂಟಿಯ ಕಚೇರಿ, ನ್ಯಾಯಾಲಯ ಮಾತ್ರ ಉತ್ತರದ ಪಕ್ಕದೂರು ಸೈಕಮೋರ್‌ನಲ್ಲೇ ಉಳಿದವು. ಆ ಊರಿನವರು ತಮ್ಮ ದುಡ್ಡಿನಲ್ಲೇ ಕಾರ್ಟ್‌ಲ್ಯಾಂಡ್‌ವರೆಗೆ ಕವಲುಹಳಿ ಹಾಕಿಸಿಕೊಂಡರು. ಎರಡೂರಿನ ಪೈಪೋಟಿ ಶಾಲೆಯ ಫುಟ್‌ಬಾಲ್ ಮೈದಾನದಲ್ಲಿ ಇವತ್ತಿಗೂ ನಡೆಯುತ್ತದೆ. ನಿಮಗೆ ಇದರಿಂದ ಆಗಬೇಕಾದ ತಿಳುವಳಿಕೆ ಒಂದೇ: ಜಮೀನಿನ ದಾಖಲೆ ಬೇಕಾದರೆ ಡೆಕಾಲ್ಬ್ ಪುರಭವನಕ್ಕೆ ಹೋಗಬೇಡಿ, ಸೈಕಮೋರ್‌ಗೆ ಹೋಗಿ.

ತಂತಿ

ಈಗ ಬೇಲಿಯ ಪ್ರಶ್ನೆ ತಾನಾಗಿ ಎದುರಾಗುತ್ತದೆ. ಹುಲ್ಲುಗಾವಲಿನಲ್ಲಿ ಮರವಿಲ್ಲ, ಮರದ ಬೇಲಿ ದುಬಾರಿ. ಓಸೇಜ್ ಆರೆಂಜ್ ಎಂಬ ಮುಳ್ಳುಗಿಡದ ಜೀವಬೇಲಿ ದನ ತಡೆಯುವಷ್ಟು ದಟ್ಟವಾಗಲು ನಾಲ್ಕೈದು ವರ್ಷ ಬೇಕು, ಮೇಲಾಗಿ ಪಕ್ಕದ ಬೆಳೆಯ ಸಾರ ಹೀರುತ್ತದೆ. ಬರೀ ತಂತಿಗೆ ದನ ಮೈಯೊತ್ತಿ ಬಗ್ಗಿಸಿಬಿಡುತ್ತದೆ.

1873ರ ಕೌಂಟಿ ಜಾತ್ರೆಯಲ್ಲಿ ಹೆನ್ರಿ ರೋಸ್ ಎಂಬ ರೈತ ಮರದ ಪಟ್ಟಿಗೆ ಮೊನಚು ಮುಳ್ಳು ಹೊಡೆದು ತಂತಿಗೆ ತೂಗುಹಾಕುವ ಉಪಾಯ ತೋರಿಸಿದ. ನೋಡಿದವರಲ್ಲಿ ಮೂವರು: ರೈತ ಜೋಸೆಫ್ ಗ್ಲಿಡನ್, ಕಬ್ಬಿಣದಂಗಡಿಯ ಐಸಾಕ್ ಎಲ್‌ವುಡ್, ಮರದ ವ್ಯಾಪಾರಿ ಜೇಕಬ್ ಹೇಷ್. ಗ್ಲಿಡನ್ ಪೇಟೆಂಟ್ ಸಿಕ್ಕಿದ್ದು 1874ರ ನವೆಂಬರ್ 24ರಂದು, ಸಂಖ್ಯೆ 157,124. ಪೇಟೆಂಟ್ ಹುಡುಕುವ ಜಾಲತಾಣದಲ್ಲಿ ಈ ಸಂಖ್ಯೆ ಹಾಕಿ ಚಿತ್ರ ನೋಡಿ, ವಿವರಣೆಗಿಂತ ಅದೇ ಹೆಚ್ಚು ಹೇಳುತ್ತದೆ. ಚಿಕ್ಕ ತಂತಿಯ ತುಂಡನ್ನು ಉದ್ದ ತಂತಿಗೆ ಸುತ್ತಿ ಎರಡು ತುದಿ ಹೊರಗೆ ಚಾಚಿದರೆ ಮುಳ್ಳು. ಅಷ್ಟೇ ಆದರೆ ಅದು ಜಾರುತ್ತದೆ, ತಿರುಗುತ್ತದೆ. ಎಲ್ಲ ಮುಳ್ಳೂ ಕಂಬದ ಪಕ್ಕ ಬಂದು ಗುಂಪಾಗುತ್ತವೆ. ಗ್ಲಿಡನ್ ಎರಡನೆಯ ಉದ್ದ ತಂತಿ ತಂದು ಮೊದಲನೆಯದಕ್ಕೆ ಹೊಸೆದ. ಎರಡು ಎಳೆಯ ನಡುವೆ ಸಿಕ್ಕ ಮುಳ್ಳು ಕದಲುವುದಿಲ್ಲ. ಜೊತೆಗೆ ಹುರಿಯಂತೆ ಹೊಸೆದ ತಂತಿ ಚಳಿಗೆ ಕುಗ್ಗಿ ಬಿಸಿಲಿಗೆ ಹಿಗ್ಗಿದರೂ ತಡೆದುಕೊಳ್ಳುತ್ತದೆ. ವಸ್ತುಸಂಗ್ರಹಾಲಯದಲ್ಲಿ ಹಳೆಯ ತುಂಡುಗಳಿರುವ ಫಲಕ ಕಂಡರೆ ಹತ್ತಿರ ಹೋಗಿ ಮುಳ್ಳು ಒಂದು ಎಳೆಗೆ ಸುತ್ತಿದೆಯೋ ಎರಡಕ್ಕೂ ಸುತ್ತಿದೆಯೋ ನೋಡಿ, ಮುಳ್ಳಿನ ಬಾಗು ನೋಡಿ. ಇಂಗ್ಲಿಷಿನ 'ಎಸ್' ಅಕ್ಷರದಂತೆ ಬಾಗಿದ್ದರೆ ಹೇಷ್‌ನದು.

ಕಾಫಿಬೀಜ ಪುಡಿಮಾಡುವ ಯಂತ್ರವನ್ನು ಬದಲಿಸಿ ಗ್ಲಿಡನ್ ಮೊದಲ ಮುಳ್ಳುಗಳನ್ನು ಬಾಗಿಸಿದನೆಂದು ಊರು ಹೇಳುತ್ತದೆ. ಅದನ್ನು ಊರಿನ ಮಾತೆಂದೇ ಬರೆದುಕೊಳ್ಳಿ. 'ಮುಳ್ಳುತಂತಿ ಕಂಡುಹಿಡಿದವನು' ಎಂಬ ಪದವನ್ನೂ ಎಚ್ಚರದಿಂದ ಬಳಸಿ. ಒಹಾಯೊದ ಲೂಸಿಯನ್ ಸ್ಮಿತ್‌ಗೆ 1867ರಲ್ಲೇ, ಮೈಕೆಲ್ ಕೆಲ್ಲಿಗೆ 1868ರಲ್ಲೇ ಪೇಟೆಂಟ್ ಸಿಕ್ಕಿತ್ತು. ಹೇಷ್ ಕೊನೆಯವರೆಗೂ ತಾನೇ ಮೊದಲಿಗ ಎಂದ. 1892ರಲ್ಲಿ ಸುಪ್ರೀಂ ಕೋರ್ಟ್ ಗ್ಲಿಡನ್ ಪೇಟೆಂಟ್ ಪರ ತೀರ್ಪು ಕೊಡುವ ಹೊತ್ತಿಗೆ ಅದರ ಅವಧಿಯೇ ಮುಗಿದಿತ್ತು.

ದುಡ್ಡು ಹೋದ ದಾರಿಯನ್ನೂ ನೋಡಿ. ಎಲ್‌ವುಡ್ 1874ರಲ್ಲಿ ಅರ್ಧ ಹಕ್ಕನ್ನು 265 ಡಾಲರ್‌ಗೆ ಕೊಂಡ. ಎರಡೇ ವರ್ಷಕ್ಕೆ, 1876ರಲ್ಲಿ, ಗ್ಲಿಡನ್ ತನ್ನ ಉಳಿದರ್ಧವನ್ನು ಮ್ಯಾಸಚೂಸೆಟ್ಸ್‌ನ ವಾಷ್‌ಬರ್ನ್ ಆಂಡ್ ಮೋಯೆನ್ ಕಂಪನಿಗೆ 60,000 ಡಾಲರ್ ಮತ್ತು ರಾಯಧನಕ್ಕೆ ಮಾರಿದ. ಆ ಹಣ ಊರಿನಲ್ಲಿ ಎಲ್ಲೆಲ್ಲಿ ಕಟ್ಟಡವಾಯಿತು ಎಂಬುದು ನಡೆದು ನೋಡಬೇಕಾದ ದಾರಿ: ಲಿಂಕನ್ ಹೈವೇ ಬದಿಯ ಗ್ಲಿಡನ್ ಮನೆ ಮತ್ತು ಇಟ್ಟಿಗೆಯ ಕೊಟ್ಟಿಗೆ, ಫಸ್ಟ್ ಸ್ಟ್ರೀಟ್‌ನಲ್ಲಿ 1879ರ ಎಲ್‌ವುಡ್ ಬಂಗಲೆ, ಹೇಷ್ ಹೆಸರಿನ ಸಾರ್ವಜನಿಕ ಗ್ರಂಥಾಲಯ. ಹೇಷ್‌ನ ಬಂಗಲೆ ಈಗಿಲ್ಲ. ಮೂರೂ ಸುಲಭವಾಗಿ ಒಂದೇ ದಿನಕ್ಕೆ ಆಗುತ್ತವೆ. ಗ್ಲಿಡನ್ ಕೊಟ್ಟ ನೆಲದಲ್ಲಿ ಶಿಕ್ಷಕರ ತರಬೇತಿ ಶಾಲೆ ಎದ್ದಿತು. 1895ರಲ್ಲಿ ಮಂಜೂರು, 1899ರಲ್ಲಿ ಆರಂಭ, 1957ರಿಂದ ನಾರ್ದರ್ನ್ ಇಲಿನಾಯ್ ವಿಶ್ವವಿದ್ಯಾಲಯ. ಕೋಟೆಯಂಥ ಆಲ್ಟ್‌ಗೆಲ್ಡ್ ಹಾಲ್ ಅದರ ಹಳೆಯ ಕಟ್ಟಡ. ಊರಿನ ಪ್ರೌಢಶಾಲೆಯ ತಂಡಗಳ ಹೆಸರು ಈಗಲೂ 'ಬಾರ್ಬ್ಸ್', ಮುಳ್ಳುಗಳು.

ಆಮೇಲೆ ಊರಾಚೆ ಹೋಗಿ ಮುಳ್ಳುತಂತಿ ಹುಡುಕಿ. ಸಿಗುವುದು ಕಷ್ಟ. ಮೆಕ್ಕೆಜೋಳ, ಸೋಯಾಬೀನ್ ಬಿಟ್ಟು ಬೇರೇನೂ ಇಲ್ಲದ ಹೊಲಕ್ಕೆ ದನವಿಲ್ಲ, ಬೇಲಿ ಯಾಕೆ? ಮುಳ್ಳುತಂತಿಯ ಊರಿನ ಸುತ್ತ ಬೇಲಿಯಿಲ್ಲದ ಬಯಲು ಹಬ್ಬಿರುವುದೇ ಇಲ್ಲಿನ ಬೇಸಾಯ ಹೇಗೆ ಬದಲಾಯಿತು ಎಂಬುದಕ್ಕೆ ಗುರುತು.

ಬೀಜ

1912ರಲ್ಲಿ ಇಲ್ಲಿನ ರೈತರು, ಬ್ಯಾಂಕಿನವರು, ಪತ್ರಿಕೆಯವರು ಸೇರಿ ಮಣ್ಣು ಸುಧಾರಣಾ ಸಂಘ ಕಟ್ಟಿ ವಿಲಿಯಂ ಎಕ್‌ಹಾರ್ಟ್ ಎಂಬ ತಜ್ಞನನ್ನು ಕರೆಸಿಕೊಂಡರು. ಸುಣ್ಣ ಹಾಕಿ, ಕ್ಲೋವರ್ (ಮಣ್ಣಿಗೆ ಸಾರ ಕೊಡುವ ಮೇವಿನ ಗಿಡ) ಬೆಳೆಯಿರಿ ಎಂದು ಅವರು ಹೇಳಿದಾಗ ಒಳ್ಳೆಯ ಕ್ಲೋವರ್ ಬೀಜ ಸಿಗುತ್ತಿರಲಿಲ್ಲ. ಅದಕ್ಕಾಗಿ 1917ರಲ್ಲಿ ಹುಟ್ಟಿದ ಕೃಷಿ ಸಂಘವೇ ಮುಂದೆ ಬೀಜದ ಕಂಪನಿಯಾಯಿತು. 1920ರ ದಶಕದಲ್ಲಿ ಟಾಮ್ ರಾಬರ್ಟ್ಸ್ ಮತ್ತು ಚಾರ್ಲಿ ಗನ್ ಹೈಬ್ರಿಡ್ ಮೆಕ್ಕೆಜೋಳದ ಕೆಲಸ ಹಿಡಿದರು. 1930ರ ದಶಕದಲ್ಲಿ ರೆಕ್ಕೆಯ ತೆನೆ ಗುರುತಾಯಿತು. 1998ರಲ್ಲಿ ಮಾನ್ಸಾಂಟೊ ಕೊಂಡಿತು, 2018ರಲ್ಲಿ ಬೇಯರ್ ಪಾಲಾಯಿತು. ಹೀಗೆ ಈ ಕೌಂಟಿಯ ಹೆಸರು ನಮ್ಮ ಮಧ್ಯ ಕರ್ನಾಟಕದ ಗೊಬ್ಬರದಂಗಡಿಗೂ ಬಂತು.

ಬೀಜದ ಹೊಲವನ್ನು ಗುರುತಿಸುವುದು ಹೇಗೆ? ಮಾಮೂಲಿ ಹೊಲದಲ್ಲಿ ಎಲ್ಲ ಗಿಡಕ್ಕೂ ಸೂಲಂಗಿ (ತುದಿಯಲ್ಲಿ ಬರುವ ಗಂಡು ಹೂಗೊಂಚಲು) ಇರುತ್ತದೆ. ಬೀಜದ ಹೊಲದಲ್ಲಿ ನಾಲ್ಕು ಹೆಣ್ಣು ಸಾಲಿಗೆ ಒಂದೋ ಎರಡೋ ಗಂಡು ಸಾಲು. ಜುಲೈನಲ್ಲಿ ಹೆಣ್ಣು ಸಾಲಿನ ಸೂಲಂಗಿಯನ್ನು, ಪರಾಗ ಉದುರುವ ಮುಂಚೆ, ಯಂತ್ರದಿಂದ ಕಿತ್ತು, ಉಳಿದದ್ದನ್ನು ಕೈಯಿಂದ ಕೀಳುತ್ತಾರೆ. ಒಂದೆರಡು ದಿನ ತಡವಾದರೆ ಹೆಣ್ಣು ಗಿಡ ತನ್ನ ಪರಾಗವನ್ನೇ ಕೂಡಿಸಿಕೊಂಡು ಬೀಜದ ಶುದ್ಧಿ ಹೋಗುತ್ತದೆ. ಅದಕ್ಕೇ ಶಾಲೆಯ ರಜೆಯಲ್ಲಿರುವ ಹುಡುಗ ಹುಡುಗಿಯರ ಗುಂಪುಗಳು ಬೆಳಗಿನ ಇಬ್ಬನಿಯಲ್ಲಿ ನೆಂದುಕೊಂಡು ಸಾಲು ಹಿಡಿಯುತ್ತಿದ್ದವು. ಇಲ್ಲಿನ ಹಿರಿಯರನ್ನು ಕೇಳಿ, ಮೊದಲ ಸಂಬಳ ಈ ಕೆಲಸದ್ದು ಎನ್ನುವವರು ಸಿಕ್ಕೇ ಸಿಗುತ್ತಾರೆ. ಆಗಸ್ಟಿನಲ್ಲಿ ಗಂಡು ಸಾಲನ್ನು ಕಡಿದುಹಾಕುವುದರಿಂದ ಹೊಲದ ಉದ್ದಕ್ಕೂ ಖಾಲಿ ಪಟ್ಟೆ ಕಾಣುತ್ತದೆ. ಪಟ್ಟೆ ಕಂಡರೆ ಅದು ಬೀಜದ ಹೊಲ.

ಅಳತೆಗಳು ನಮ್ಮವಲ್ಲ, ಅಲ್ಲಿ ತಬ್ಬಿಬ್ಬಾಗಬಾರದು. ಬೀಜವನ್ನು ತೂಕದಿಂದಲ್ಲ, ಕಾಳಿನ ಎಣಿಕೆಯಿಂದ ಮಾರುತ್ತಾರೆ: ಚೀಲಕ್ಕೆ 80,000 ಕಾಳು. ಎಕರೆಗೆ 32,000ದಿಂದ 36,000 ಕಾಳು ಬಿತ್ತಿದರೆ ಒಂದು ಚೀಲ ಎರಡೂಕಾಲು, ಎರಡೂವರೆ ಎಕರೆಗೆ. ಸಾಲಿನ ನಡುವೆ 30 ಅಂಗುಲ. ಮಾರುವಾಗ ಬುಷೆಲ್: ಮೆಕ್ಕೆಜೋಳದ್ದು 56 ಪೌಂಡ್, ಸೋಯಾಬೀನಿನದು 60 ಪೌಂಡ್. ಬುಷೆಲ್ ಎರಡಕ್ಕೂ ಒಂದೇ ತೂಕವೆಂದು ಲೆಕ್ಕ ಹಾಕಿದರೆ ಹಳೆಯ ಇಳುವರಿ ಪಟ್ಟಿಗಳೆಲ್ಲ ತಪ್ಪುತ್ತವೆ.

ಇಷ್ಟರಿಂದ ಇದು ಬರೀ ರೈತರ ಊರೆಂದು ತಿಳಿಯಬೇಡಿ. ತಂತಿ ಗಿರಣಿಗೆ ಸ್ವೀಡನ್, ಫಿನ್‌ಲೆಂಡ್ ಜನ ಬಂದರು. ಪಿಯಾನೊ ಕಾರ್ಖಾನೆ ಬಂತು. ವುರ್ಲಿಟ್ಸರ್ ಕಂಪನಿಯ ಎಲೆಕ್ಟ್ರಿಕ್ ಪಿಯಾನೊಗಳು ಇಲ್ಲಿ ತಯಾರಾದವು. ಎರಡನೆಯ ಮಹಾಯುದ್ಧದಲ್ಲಿ ಅದೇ ಕಾರ್ಖಾನೆಯಲ್ಲಿ ಪೈಲಟ್ ಇಲ್ಲದ ವಿಮಾನ ಕಟ್ಟಿದರು. ಈಗ ಹೊಲದ ಅಂಚಿನಲ್ಲಿ ಮೆಟಾ ಕಂಪನಿಯ ಡೇಟಾ ಸೆಂಟರ್ ನಿಂತಿದೆ.

ದಾಖಲೆಯ ದಿನ

ಒಂದೇ ಒಂದು ಜಾಗ ಆಯ್ದುಕೊಳ್ಳಿ, ಒಂದು ಅಂಗಡಿ ಅಥವಾ ಒಂದು 40 ಎಕರೆ. ಇಡೀ ಊರನ್ನು ಒಂದೇ ದಿನಕ್ಕೆ ತೆಗೆಯಲು ಹೋದರೆ ಏನೂ ಕೈಗೆ ಹತ್ತುವುದಿಲ್ಲ.

ಸೈಕಮೋರ್‌ನ ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಈಗಿನ ಮಾಲೀಕರಿಂದ ಹಿಂದಕ್ಕೆ ಹೋಗಿ. ಕೊಂಡವರ ಸೂಚಿಯಲ್ಲಿ ಈಗಿನವರ ಹೆಸರು ಹುಡುಕಿದರೆ ಮಾರಿದವರು ಸಿಗುತ್ತಾರೆ. ಆ ಹೆಸರನ್ನು ಮತ್ತೆ ಕೊಂಡವರ ಸೂಚಿಯಲ್ಲಿ ಹುಡುಕಿ. ಸರಪಳಿ ಒಂದು ಕಡೆ ಥಟ್ಟನೆ ತುಂಡಾಗುತ್ತದೆ. ಬಹುತೇಕ ಸಲ ಅದು ಪಿತ್ರಾರ್ಜಿತವಾಗಿ ಬಂದ ಆಸ್ತಿ, ಮಾರಾಟದ ಪತ್ರವೇ ಇರುವುದಿಲ್ಲ. ಆಗ ಸರ್ಕ್ಯೂಟ್ ಕ್ಲರ್ಕ್ (ನ್ಯಾಯಾಲಯದ ದಾಖಲೆ ಅಧಿಕಾರಿ) ಬಳಿ ಪ್ರೊಬೇಟ್ ಕಡತ, ಅಂದರೆ ಸತ್ತವರ ಆಸ್ತಿ ಹಂಚಿಕೆಯ ಕಡತ ಕೇಳಿ. ಅದರಲ್ಲಿ ಮಕ್ಕಳ ಹೆಸರು, ಎತ್ತು, ಗಾಡಿ, ಒಲೆಯವರೆಗಿನ ಪಟ್ಟಿ ಇರಬಹುದು. ಮಾರಾಟ ಪತ್ರಕ್ಕಿಂತ ಅದೇ ಬೆಲೆಬಾಳುತ್ತದೆ.

ಮೊಟ್ಟಮೊದಲ ಪತ್ರದ ಹೆಸರು 'ಲ್ಯಾಂಡ್ ಪೇಟೆಂಟ್'. ಗ್ಲಿಡನ್ ಪೇಟೆಂಟ್‌ಗೂ ಇದಕ್ಕೂ ಸಂಬಂಧವಿಲ್ಲ, ಸರ್ಕಾರ ಮೊದಲ ಖರೀದಿದಾರನಿಗೆ ಕೊಟ್ಟ ಹಕ್ಕುಪತ್ರ ಇದು. ಒಕ್ಕೂಟ ಸರ್ಕಾರದ ಜನರಲ್ ಲ್ಯಾಂಡ್ ಆಫೀಸ್ ದಾಖಲೆಗಳ ಜಾಲತಾಣದಲ್ಲಿ ಸೆಕ್ಷನ್ ಹಾಕಿದರೆ ಚಿತ್ರ ಸಮೇತ ಸಿಗುತ್ತದೆ. ಕನಿಷ್ಠ ಬೆಲೆ ಎಕರೆಗೆ 1.25 ಡಾಲರ್. ಪೇಟೆಂಟಿನ ತಾರೀಖನ್ನೇ ಕುಟುಂಬ ಬಂದ ವರ್ಷವೆಂದು ಬರೆಯಬೇಡಿ, ಅಳತೆ, ಹರಾಜಿಗೆ ಮುಂಚೆಯೇ ಬಂದು ನೆಲೆನಿಂತವರು ಬಹಳ ಮಂದಿ.

ಅಂಗಡಿಯಾದರೆ ಲೈಬ್ರರಿ ಆಫ್ ಕಾಂಗ್ರೆಸ್ ಜಾಲತಾಣದ ಸ್ಯಾನ್‌ಬರ್ನ್ ಅಗ್ನಿವಿಮೆ ನಕ್ಷೆಗಳು. ಒಂದು ಅಂಗುಲಕ್ಕೆ 50 ಅಡಿ. ಹಳದಿ ಅಂದರೆ ಮರ, ಗುಲಾಬಿ ಅಂದರೆ ಇಟ್ಟಿಗೆ, ನೀಲಿ ಅಂದರೆ ಕಲ್ಲು, ಬೂದು ಅಂದರೆ ಲೋಹ. ಕಟ್ಟಡದ ಒಳಗಿನ ಅಂಕಿ ಮಹಡಿಯದು. ಎರಡು ಬೇರೆ ವರ್ಷದ ನಕ್ಷೆ ಪಕ್ಕಪಕ್ಕ ಇಟ್ಟು ಹಳದಿ ಗುಲಾಬಿಯಾದ ಕಡೆ ಗುರುತು ಹಾಕಿ. ಕಪ್ಪುಬಿಳುಪಿನ ಪ್ರತಿ ಇಟ್ಟುಕೊಂಡು ಕೂತರೆ ಉಪಯೋಗವಿಲ್ಲ.

ಪತ್ರಿಕೆ, ಜನಗಣತಿ ಹುಡುಕುವಾಗ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಎರಡು ರೀತಿ ಟೈಪ್ ಮಾಡಿ, ನಡುವೆ ಜಾಗ ಬಿಟ್ಟು ಒಮ್ಮೆ, ಬಿಡದೆ ಒಮ್ಮೆ. ಹಳೆಯ ಮುದ್ರಣದಲ್ಲಿ ಜಾಗ ಬಿಟ್ಟದ್ದೇ ಹೆಚ್ಚು. ಇಂಡಿಯಾನಾ, ಟೆನೆಸಿ, ಅಲಬಾಮ, ಮಿಸೌರಿಗಳಲ್ಲೂ ಡೆಕಾಲ್ಬ್ ಕೌಂಟಿಗಳಿವೆ, ರಾಜ್ಯ ನೋಡದೆ ಏನನ್ನೂ ಉಳಿಸಿಕೊಳ್ಳಬೇಡಿ. 1890ರ ಜನಗಣತಿ ಬಹುಪಾಲು 1921ರ ಬೆಂಕಿಯಿಂದಾಗಿ ಹಾಳಾಯಿತು, ತಂತಿ ಗಿರಣಿಗಳ ಉಚ್ಛ್ರಾಯದ ವರ್ಷಗಳಿಗೆ ಇದು ದೊಡ್ಡ ನಷ್ಟ. ಪತ್ರಿಕೆ ಮತ್ತು ಸ್ಯಾನ್‌ಬರ್ನ್ ನಕ್ಷೆಯಿಂದ ತುಂಬಿಕೊಳ್ಳಬೇಕು. ಹೆಸರು ಸಮೇತ ತೆರೆದಿರುವ ಕೊನೆಯ ಗಣತಿ 1950ರದು. ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿರುವ ರೀಜನಲ್ ಹಿಸ್ಟರಿ ಸೆಂಟರ್‌ಗೆ ಮುಂಚಿತವಾಗಿ ಬರೆದು, ಬೇಕಾದದ್ದನ್ನು ಹೇಳಿ ಹೋಗಿ.

19ನೇ ಶತಮಾನದ ದಪ್ಪ ಕೌಂಟಿ ಚರಿತ್ರೆಗಳು ಸಿಗುತ್ತವೆ. ಅವನ್ನು ಮೊದಲೇ ಚಂದಾ ಎತ್ತಿ ಅಚ್ಚುಹಾಕುತ್ತಿದ್ದರು, ಅದರಲ್ಲಿ ಜೀವನಚರಿತ್ರೆ ಬಂದವರು ಬಹುಪಾಲು ಚಂದಾದಾರರೇ. ತಾರೀಖಿಗೆ ಉಪಯೋಗಿಸಿ, ಗುಣಗಾನಕ್ಕಲ್ಲ. ಕೂಲಿಯವರು, ಹೆಂಗಸರು, ಪೊಟವಾಟೊಮಿಗಳು ಅದರಲ್ಲಿ ಇಲ್ಲವೆಂದರೆ ಊರಿನಲ್ಲಿ ಇರಲಿಲ್ಲವೆಂದಲ್ಲ.

ಜನರೊಡನೆ

ರೈತರನ್ನು 'ನಿಮಗೆ ಎಷ್ಟು ಎಕರೆ ಇದೆ' ಎಂದು ಕೇಳಬೇಡಿ. ನಮ್ಮಲ್ಲಿ ಅದು ಸಹಜವಾದ ಮಾತು, ಇಲ್ಲಿ ಬ್ಯಾಂಕಿನಲ್ಲಿ ಎಷ್ಟಿದೆ ಎಂದು ಕೇಳಿದ ಹಾಗೆ. ಮಳೆ ಎಷ್ಟಾಯಿತು, ಟೈಲ್ ಚೆನ್ನಾಗಿ ಹರಿಯುತ್ತಿದೆಯೇ, ಕಾಳಿನ ತೇವ ಎಷ್ಟಿದೆ ಎಂದು ಕೇಳಿ, ಮಾತು ತಾನಾಗಿ ಬೆಳೆಯುತ್ತದೆ. ಮೆಕ್ಕೆಜೋಳದಲ್ಲಿ ತೇವ ಶೇ. 15ಕ್ಕಿಂತ ಹೆಚ್ಚಿದ್ದರೆ ಎಲಿವೇಟರಿನಲ್ಲಿ (ಕಾಳು ಕೊಂಡು ತುಂಬಿಡುವ ದೊಡ್ಡ ಕಣಜ) ಒಣಗಿಸುವ ಖರ್ಚು ಕಡಿಯುತ್ತಾರೆ, ಆದ್ದರಿಂದ ಅಕ್ಟೋಬರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಅಂಕಿ. ಹಳ್ಳಿಯ ರಸ್ತೆಯಲ್ಲಿ ಎದುರು ಬರುವವರು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತುತ್ತಾರೆ. ನೀವೂ ಎತ್ತಿ. ಕಿತ್ತಳೆ ತ್ರಿಕೋನ ಅಂಟಿಸಿದ ಯಂತ್ರ ಮುಂದಿದ್ದರೆ ಹಿಂದೆಯೇ ನಿಧಾನ ಹೋಗಿ. ಅದು ಹೊಲಕ್ಕೆ ಎಡಕ್ಕೆ ತಿರುಗುವ ಹೊತ್ತಿಗೇ ಹಿಂದಿನವರು ಎಡದಿಂದ ಮುಂದೆ ಹೋಗಲು ನುಗ್ಗಿ ಅಪಘಾತವಾಗುತ್ತದೆ. ತಿಂಗಳ ಮೊದಲ ಮಂಗಳವಾರ ಬೆಳಗ್ಗೆ 10ಕ್ಕೆ ಸೈರನ್ ಕೂಗಿದರೆ ಅದು ಸುಂಟರಗಾಳಿ ಎಚ್ಚರಿಕೆಯ ಪರೀಕ್ಷೆ. ಬೇರೆ ಹೊತ್ತಿನಲ್ಲಿ ಕೂಗಿದರೆ ತಕ್ಷಣ ಒಳಗೆ, ನೆಲಮಾಳಿಗೆಗೆ.

ಕೊನೆಗೆ ಫೇರ್‌ವ್ಯೂ ಸ್ಮಶಾನ, ಸಂಜೆ ಇಳಿಬಿಸಿಲಿನಲ್ಲಿ. ಗ್ಲಿಡನ್ ಸಮಾಧಿ ಅಲ್ಲಿದೆ, ಅದೊಂದನ್ನೇ ನೋಡಿ ಹೊರಡಬೇಡಿ. ಸುತ್ತಲ ಚಿಕ್ಕ ಕಲ್ಲುಗಳಲ್ಲಿ 'ಸನ್' ಎಂದು ಮುಗಿಯುವ ಸ್ವೀಡಿಷ್ ಹೆಸರು, 'ನೆನ್' ಎಂದು ಮುಗಿಯುವ ಫಿನ್ನಿಷ್ ಹೆಸರು ಹುಡುಕಿ, ವರ್ಷಗಳನ್ನು ಬರೆದುಕೊಳ್ಳಿ. ಸವೆದ ಅಕ್ಷರ ಓದಲು ಸೀಮೆಸುಣ್ಣ ಉಜ್ಜುವುದು, ಶೇವಿಂಗ್ ಕ್ರೀಮ್ ಬಳಿಯುವುದು ಮಾಡಬೇಡಿ, ಹಳೆಯ ಅಮೃತಶಿಲೆ ಅದರಿಂದ ಹಾಳಾಗುತ್ತದೆ. ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಪಕ್ಕದಿಂದ ಅಡ್ಡಲಾಗಿ ಬೀಳಿಸಿ. ಅಕ್ಷರದ ಗುಳಿಗಳಲ್ಲಿ ನೆರಳು ತುಂಬಿ ಹೆಸರು ಮೇಲೆದ್ದು ಕಾಣುತ್ತದೆ.